ಹವಳದ ತೊಟ್ಟಿಗೆ ಸುಣ್ಣದ ತಿಳಿ: ಒಂದು ತಿದ್ದುಪಡಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ, ಮನೆಯೊಳಗೆ ಕಡಲ ನೀರಿನ ಅಕ್ವೇರಿಯಂ ಇಟ್ಟುಕೊಳ್ಳುವ ಹವ್ಯಾಸದ ಬಗ್ಗೆ ಬಂದ ಲೇಖನವನ್ನು ಊರಿನಿಂದ ದೂರವಿರುವ ನಾನು ಅಂತರ್ಜಾಲದಲ್ಲಿ ಓದಿದೆ. ಕನ್ನಡದಲ್ಲಿ ಈ ವಿಷಯ ಅಪರೂಪವಾದ್ದರಿಂದ ಲೇಖಕರಿಗೂ ತಮಗೂ ಮೊದಲು ಅಭಿನಂದನೆ ಸಲ್ಲಿಸುತ್ತೇನೆ. ಆದರೆ ಹವಳಗಳಿಗೆ ಬೇಕಾಗುವ ಕ್ಯಾಲ್ಸಿಯಂ ಒದಗಿಸಲು ವಾರಕ್ಕೊಂದು ಬಾರಿ ಒಂದು ಚಮಚ ಸುಣ್ಣವನ್ನು ನೀರಿನಲ್ಲಿ ಕದಡಿ ತೊಟ್ಟಿಗೆ ಸುರಿದರೆ ಸಾಕು ಎಂಬರ್ಥದ ಸಲಹೆಯೊಂದು ಆ ಲೇಖನದ ಕೊನೆಯಲ್ಲಿದೆ. ಸುಣ್ಣ ಎನ್ನುವ ತನಕ ಆ ಮಾತು ಸರಿ. ಚಮಚ, ವಾರಕ್ಕೊಮ್ಮೆ, ಕದಡಿ, ಸುರಿಯುವುದು ಎಂಬ ಉಳಿದ ನಾಲ್ಕೂ ತಪ್ಪು. ಅದನ್ನು ನಂಬಿ ಯಾರಾದರೂ ಹಾಗೆಯೇ ಮಾಡಿದರೆ ತೊಟ್ಟಿಯ ಜೀವಿಗಳು ಒಂದೇ ಹೊತ್ತಿನಲ್ಲಿ ಸಾಯಬಹುದಾದ್ದರಿಂದ ಈ ಪತ್ರವನ್ನು ತುಸು ವಿವರವಾಗಿಯೇ ಬರೆಯುತ್ತಿದ್ದೇನೆ.

ನಾನು ಕುಮಟಾ ಕಡೆಯವನು. ಉದ್ಯೋಗದ ನಿಮಿತ್ತ ಹಲವು ವರ್ಷಗಳಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಮನೆಯಲ್ಲಿ 300 ಲೀಟರಿನ ಒಂದು ಹವಳದ ತೊಟ್ಟಿಯಿದೆ. ಈ ಹವ್ಯಾಸಕ್ಕೆ ಇಳಿದ ಹೊಸದರಲ್ಲಿ ಇಲ್ಲಿನ ಹಳಬರೊಬ್ಬರು ನನಗೆ ‘ಕಾಲ್ಕ್‌ವಾಸರ್’ ಹಾಕಬೇಕೆಂದು ಹೇಳಿದಾಗ ಅದೇನೋ ಹೊಸ ರಾಸಾಯನಿಕವೆಂದು ಭಾವಿಸಿ ನಿಘಂಟು ತೆರೆದೆ. ಕಾಲ್ಕ್ ಎಂದರೆ ಸುಣ್ಣ, ವಾಸರ್ ಎಂದರೆ ನೀರು. ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಓದಿದ ಅದೇ ಸುಣ್ಣದ ತಿಳಿನೀರು! ಇಂಗ್ಲಿಷ್ ಮಾತನಾಡುವ ದೇಶಗಳ ಹವ್ಯಾಸಿಗಳೂ ಈ ಜರ್ಮನ್ ಪದವನ್ನೇ ಬಳಸುತ್ತಾರೆ. 1970ರ ದಶಕದಲ್ಲಿ ಕಡಲ ಅಕ್ವೇರಿಯಂ ಪರಿಣತ ಪೀಟರ್ ವಿಲ್ಕೆನ್ಸ್ ಅವರು ಈ ಪದ್ಧತಿಯನ್ನು ಪ್ರಚಾರಕ್ಕೆ ತಂದರು. ಮುಂದೆ ಬರ್ಲಿನ್ನಿನ ಹವ್ಯಾಸಿಗಳು ಜೀವಂತ ಬಂಡೆ (ಸೂಕ್ಷ್ಮಜೀವಿಗಳು ನೆಲೆಸಿರುವ ಕಡಲ ಬಂಡೆ), ನೊರೆ ತೆಗೆಯುವ ಸ್ಕಿಮ್ಮರ್ ಮತ್ತು ಸುಣ್ಣದ ತಿಳಿ ಈ ಮೂರನ್ನು ಕೂಡಿಸಿ ಗಟ್ಟಿ ಹವಳಗಳನ್ನು ಸಾಯದಂತೆ ಇಟ್ಟುಕೊಳ್ಳುವುದಷ್ಟೇ ಅಲ್ಲ, ಬೆಳೆಸಿ ತುಂಡು ಮಾಡಿ ಹಂಚಿಕೊಳ್ಳುವ ಮಟ್ಟಕ್ಕೂ ಹೋದರು. ಅದಕ್ಕೆ ಬರ್ಲಿನ್ ಪದ್ಧತಿ ಎಂಬ ಹೆಸರೇ ಬಿದ್ದಿದೆ.

ವಿಷಯಕ್ಕೆ ಬರುತ್ತೇನೆ. ಕನ್ನಡ ಶಾಲೆಯಲ್ಲಿ ಓದಿದ ಎಲ್ಲರಿಗೂ ಒಂದು ಪ್ರಯೋಗ ನೆನಪಿರಬಹುದು. ಪ್ರನಾಳದಲ್ಲಿ ಸುಣ್ಣದ ತಿಳಿನೀರು ತೆಗೆದುಕೊಂಡು ಕೊಳವೆಯಿಂದ ಉಸಿರು ಊದಿದರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ, ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಇದೆ ಎಂಬುದಕ್ಕೆ ಅದೇ ಸಾಕ್ಷಿ ಎಂದು ಮೇಷ್ಟ್ರು ಹೇಳಿ, ಗಂಟೆ ಹೊಡೆದು, ತರಗತಿ ಮುಗಿಯುತ್ತಿತ್ತು. ಆದರೆ ಆ ಪ್ರಯೋಗದ ಉತ್ತರಾರ್ಧವೇ ನಮಗೆ ಇಲ್ಲಿ ಬೇಕಾದದ್ದು. ಊದುವುದನ್ನು ನಿಲ್ಲಿಸದೆ ಇನ್ನೂ ಕೆಲವು ನಿಮಿಷ ಊದುತ್ತಲೇ ಹೋದರೆ ಆ ಬೆಳ್ಳನೆಯ ನೀರು ಮತ್ತೆ ತಿಳಿಯಾಗುತ್ತದೆ. ಮೊದಲು ಹುಟ್ಟಿದ್ದು ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬನೇಟ್, ಅಂದರೆ ಸೀಮೆಸುಣ್ಣದ ಪುಡಿ. ಕಾರ್ಬನ್ ಡೈಆಕ್ಸೈಡ್ ಇನ್ನಷ್ಟು ಸಿಕ್ಕಾಗ ಅದೇ ಕ್ಯಾಲ್ಸಿಯಂ ಬೈಕಾರ್ಬನೇಟ್ ಆಗಿ ಕರಗಿಬಿಡುತ್ತದೆ. ಹವಳಕ್ಕೆ ಬೇಕಾದದ್ದು ಹೀಗೆ ಕರಗಿರುವ ಸ್ಥಿತಿಯ ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟ್. ತೊಟ್ಟಿಗೆ ಸುಣ್ಣ ಸೇರಿಸುವವನ ಜಾಣತನವೆಲ್ಲ, ಪ್ರತಿಯೊಂದು ಹನಿ ಸುಣ್ಣಕ್ಕೂ ಸಾಕಷ್ಟು ಕಾರ್ಬನ್ ಡೈಆಕ್ಸೈಡ್ ಸಿಗುವಂತೆ ನೋಡಿಕೊಂಡು, ಆ ಹಾಲಿನ ಹಂತಕ್ಕೆ ನೀರು ಹೋಗಿ ನಿಲ್ಲದಂತೆ ತಡೆಯುವುದರಲ್ಲಿದೆ. ಲೇಖನದ ಸಲಹೆಯನ್ನು ಪಾಲಿಸಿದರೆ ನೀರು ನೇರವಾಗಿ ಆ ಹಂತಕ್ಕೇ ಹೋಗುತ್ತದೆ.

ಸಹಜ ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 410ರಿಂದ 420 ಮಿಲಿಗ್ರಾಂ ಕ್ಯಾಲ್ಸಿಯಂ, ಸುಮಾರು 1,300 ಮಿಲಿಗ್ರಾಂ ಮೆಗ್ನೀಸಿಯಂ ಇರುತ್ತದೆ. ಪಿಎಚ್ 8ಕ್ಕಿಂತ ತುಸು ಮೇಲೆ ನಿಲ್ಲುತ್ತದೆ. ಇವುಗಳ ಜೊತೆಗೆ ಕ್ಷಾರೀಯತೆ ಎಂಬ ಇನ್ನೊಂದು ಅಳತೆಯಿದ್ದು, ಆಮ್ಲವನ್ನು ಎಷ್ಟರ ಮಟ್ಟಿಗೆ ನೀರು ತಾಳಿಕೊಳ್ಳಬಲ್ಲದು ಎಂಬುದನ್ನು ಅದು ಹೇಳುತ್ತದೆ. ಕಡಲ ನೀರಿನಲ್ಲಿ ಅದು ಬಹುಪಾಲು ಬೈಕಾರ್ಬನೇಟ್ ಮತ್ತು ಕಾರ್ಬನೇಟ್‌ಗಳಿಂದಲೇ ಬರುತ್ತದೆ. ಹವ್ಯಾಸಿಗಳು ಇದನ್ನು ಜರ್ಮನ್ ಡಿಗ್ರಿಗಳಲ್ಲಿ ಅಳೆಯುತ್ತಾರೆ. ಕಡಲಿನಲ್ಲಿ ಇದು ಸುಮಾರು 7 ಡಿಗ್ರಿ. ತೊಟ್ಟಿಗಳಲ್ಲಿ 7ರಿಂದ 11ರ ನಡುವೆ ಇಟ್ಟುಕೊಳ್ಳುವುದು ವಾಡಿಕೆ. ನಾನು 8ರಲ್ಲಿ ನಿಲ್ಲಿಸಿದ್ದೇನೆ. ಕ್ಷಾರೀಯತೆಯೂ ಪಿಎಚ್ಚೂ ಒಂದೇ ಎಂಬ ಗೊಂದಲ ಲೇಖನದಲ್ಲಿ ಕಾಣಿಸಿತು. ಸೋಡಾ ನೀರನ್ನು ಬೆರೆಸಿದರೆ ಪಿಎಚ್ ಇಳಿಯುತ್ತದೆ, ಕ್ಷಾರೀಯತೆ ಕದಲುವುದಿಲ್ಲ ಎಂಬಷ್ಟನ್ನು ನೆನಪಿಟ್ಟುಕೊಂಡರೆ ಆ ಗೊಂದಲ ಹೋಗುತ್ತದೆ.

ಹವಳ ತನ್ನ ಅಸ್ಥಿಯನ್ನು ಕಟ್ಟಿಕೊಳ್ಳುವಾಗ ನೀರಿನಿಂದ ಕ್ಯಾಲ್ಸಿಯಂ ಮತ್ತು ಕ್ಷಾರೀಯತೆ ಎರಡನ್ನೂ ಒಂದು ಗೊತ್ತಾದ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತದೆ: ಕ್ಷಾರೀಯತೆ 2.8 ಡಿಗ್ರಿ ಇಳಿದರೆ ಕ್ಯಾಲ್ಸಿಯಂ ಲೀಟರಿಗೆ 20 ಮಿಲಿಗ್ರಾಂ ಇಳಿಯುತ್ತದೆ. ಬಂಡೆಯ ಮೇಲೆ ನೇರಳೆ ಬಣ್ಣದ ಗಟ್ಟಿ ಪದರವಾಗಿ ಹಬ್ಬುವ ಪಾಚಿಯೂ, ತೊಟ್ಟಿಯಲ್ಲಿರುವ ಚಿಪ್ಪುಜೀವಿಗಳೂ ತೆಗೆದುಕೊಳ್ಳುವುದು ಇದೇ ಲೆಕ್ಕದಲ್ಲಿ. ಸುಣ್ಣದ ತಿಳಿ ಒದಗಿಸುವುದೂ ಸರಿಯಾಗಿ ಇದೇ ಪ್ರಮಾಣದಲ್ಲಿಯೇ. ಅಂಗಡಿಯಲ್ಲಿ ಸಿಗುವ ಎರಡು ಬಾಟಲಿಗಳ ದ್ರಾವಣದಲ್ಲಿ ಒಂದರಲ್ಲಿ ಕ್ಯಾಲ್ಸಿಯಂ ಕ್ಲೋರೈಡ್, ಇನ್ನೊಂದರಲ್ಲಿ ಸೋಡಿಯಂ ಕಾರ್ಬನೇಟ್ ಅಥವಾ ಬೈಕಾರ್ಬನೇಟ್ ಇರುತ್ತದೆ. ಅದು ಒಳ್ಳೆಯ ಪದ್ಧತಿಯೇ, ಆದರೆ ಬಳಸಿದಷ್ಟೂ ಕೊನೆಗೆ ಅಡುಗೆ ಉಪ್ಪು ನೀರಿನಲ್ಲಿ ಉಳಿಯುತ್ತ ಹೋಗುತ್ತದೆ. ಸುಣ್ಣದ ತಿಳಿಯಲ್ಲಿ ಹಾಗೆ ಉಳಿಯುವ ಪದಾರ್ಥವೇ ಇಲ್ಲ. ಕ್ಯಾಲ್ಸಿಯಂ ಹವಳಕ್ಕೆ ಹೋಗುತ್ತದೆ, ಹೈಡ್ರಾಕ್ಸೈಡ್ ಭಾಗ ಕಾರ್ಬನ್ ಡೈಆಕ್ಸೈಡನ್ನು ಹಿಡಿದು ಬೈಕಾರ್ಬನೇಟ್ ಆಗುತ್ತದೆ. ಬೆಲೆಯೂ ಕಡಿಮೆ. ಹೊಸ ಉಪಕರಣಗಳು ಎಷ್ಟು ಬಂದರೂ ಐವತ್ತು ವರ್ಷ ಹಳೆಯ ಈ ಪದ್ಧತಿಯನ್ನು ನಾನು ಬಿಡದೆ ಇರುವುದು ಇದಕ್ಕಾಗಿಯೇ.

ಈಗ ಲೇಖನದ ಚಮಚದ ಲೆಕ್ಕ. ಒಂದು ಚಮಚವೆಂದರೆ 5 ಗ್ರಾಂ ಎಂದಿಟ್ಟುಕೊಳ್ಳೋಣ; ಊರಿನಲ್ಲಿ ಹೊಸದಾಗಿ ಆರಂಭಿಸುವವರ ತೊಟ್ಟಿ 100 ಲೀಟರ್ ಇರಬಹುದು. ಅಷ್ಟು ನೀರಿಗೆ 5 ಗ್ರಾಂ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬಿದ್ದರೆ ಕ್ಷಾರೀಯತೆ ಒಂದೇ ಸಲ 3.8 ಡಿಗ್ರಿಯಷ್ಟು ಏರಬೇಕಾಗುತ್ತದೆ. ನೀರಿನಲ್ಲಿ ಆ ಕ್ಷಣಕ್ಕೆ ಕರಗಿರುವ ಕಾರ್ಬನ್ ಡೈಆಕ್ಸೈಡ್ ಇದಕ್ಕೆ ಎಲ್ಲಿಯೂ ಸಾಲದು, ಗಾಳಿಯಿಂದ ಅದು ಕರಗಿ ಬರುವುದು ನಿಧಾನ. ಆದ್ದರಿಂದ ಪಿಎಚ್ 9ನ್ನು ದಾಟುತ್ತದೆ, ನೀರು ಮಜ್ಜಿಗೆಯಾಗುತ್ತದೆ, ಹಾಕಿದ ಸುಣ್ಣದ ಜೊತೆಗೆ ನೀರಿನಲ್ಲಿ ಮೊದಲೇ ಇದ್ದ ಕ್ಯಾಲ್ಸಿಯಮ್ಮೂ ಪುಡಿಯಾಗಿ ತಳ ಸೇರುತ್ತದೆ. ಕೊಡಲು ಹೋದವನು ಇದ್ದದ್ದನ್ನೂ ಕಳೆದುಕೊಂಡಂತಾಯಿತು. ಅದರ ಮೇಲೆ, ಕರಗದ ಸುಣ್ಣದ ಕಣ ಹವಳದ ಮೈಮೇಲೆ ಕುಳಿತಲ್ಲಿ ಆ ಜಾಗದ ಜೀವಕೋಶವೇ ಸುಟ್ಟುಹೋಗುತ್ತದೆ. ಇನ್ನು ಆರು ದಿನ ಏನೂ ಕೊಡದೆ ಏಳನೆಯ ದಿನ ಒಟ್ಟಿಗೆ ಕೊಡುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹವಳ ಪ್ರತಿದಿನವೂ ತೆಗೆದುಕೊಳ್ಳುತ್ತದೆ, ಪ್ರತಿದಿನವೂ ಕೊಡಬೇಕು.

ಸರಿಯಾದ ಕ್ರಮ ಹೀಗಿದೆ. ಒಂದು ಲೀಟರ್ ನೀರಿನಲ್ಲಿ ಕರಗುವ ಸುಣ್ಣ ಒಂದೂವರೆಯಿಂದ ಒಂದೂ ಮುಕ್ಕಾಲು ಗ್ರಾಂ ಮಾತ್ರ. ಸಕ್ಕರೆಯಂತೆ ಬಿಸಿ ಮಾಡಿ ಹೆಚ್ಚು ಕರಗಿಸುತ್ತೇನೆ ಎನ್ನುವಂತಿಲ್ಲ, ಏಕೆಂದರೆ ಸುಣ್ಣದ ಸ್ವಭಾವ ತಿರುಗುಮುರುಗು: ನೀರು ಬಿಸಿಯಾದಷ್ಟೂ ಅದು ಕಡಿಮೆ ಕರಗುತ್ತದೆ. ನಾನು ಮುಚ್ಚಳವಿರುವ ಪ್ಲಾಸ್ಟಿಕ್ ಕ್ಯಾನಿನಲ್ಲಿ ತಣ್ಣನೆಯ ಆರ್‌ಒ ನೀರು ತುಂಬಿ, ಲೀಟರಿಗೆ ಎರಡು ಗ್ರಾಮಿನಂತೆ ತೂಗಿದ ಪುಡಿಯನ್ನು ಹಾಕಿ, ಮುಚ್ಚಳ ಬಿಗಿದು ಒಮ್ಮೆ ಚೆನ್ನಾಗಿ ಕುಲುಕಿ ಇಡುತ್ತೇನೆ. ಕೆಲವು ಗಂಟೆಗಳಲ್ಲಿ ಗಸಿ ತಳಕ್ಕೆ ಇಳಿದು ಮೇಲೆ ಗಾಜಿನಂತಹ ತಿಳಿ ನಿಲ್ಲುತ್ತದೆ. ತೊಟ್ಟಿಗೆ ಹೋಗಬೇಕಾದದ್ದು ಈ ತಿಳಿ ಮಾತ್ರ. ಗಸಿಯಲ್ಲಿ ಕರಗದೆ ಉಳಿದ ಸುಣ್ಣದ ಜೊತೆಗೆ ಪುಡಿಯಲ್ಲಿದ್ದ ಕಲ್ಮಶಗಳೂ ಕೂತಿರುತ್ತವಾದ್ದರಿಂದ ಅದನ್ನು ಕದಡುವುದು ಸಲ್ಲದು. ತಿಳಿಯ ಮೇಲೆ ಹಾಲಿನ ಕೆನೆಯಂತೆ ತೆಳುವಾದ ಬಿಳಿ ಪೊರೆ ಕಟ್ಟುವುದನ್ನು ನೋಡಿ ಹೊಸಬರು ಗಾಬರಿಯಾಗುತ್ತಾರೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ತಾಗಿ ಆದ ಕಾರ್ಬನೇಟ್ ಅದು, ಕೆಳಗಿನ ತಿಳಿಗೆ ಅದರಿಂದ ಹೆಚ್ಚಿನ ನಷ್ಟವಿಲ್ಲ. ಆದರೆ ಕ್ಯಾನನ್ನು ತೆರೆದಿಟ್ಟು ಅಕ್ವೇರಿಯಂನಲ್ಲಿ ಗಾಳಿಗುಳ್ಳೆ ಎಬ್ಬಿಸುವ ಕಲ್ಲನ್ನು ಬಿಟ್ಟು ಗುಳುಗುಳು ಮಾಡಿದರೆ ಇಡೀ ಕ್ಯಾನು ಸೀಮೆಸುಣ್ಣದ ನೀರಾದೀತು.

ಈ ತಿಳಿಯ ಪಿಎಚ್ 12.4ರ ಸುತ್ತಮುತ್ತ ಇರುತ್ತದೆ. ಅಷ್ಟು ತೀಕ್ಷ್ಣವಾದದ್ದನ್ನು ತೊಟ್ಟಿಯ ಮೀನಿನ ಪಕ್ಕದಲ್ಲಿಯೇ ಸುರಿಯಲಾಗದು ಎಂಬುದು ಸ್ಪಷ್ಟ. ತೊಟ್ಟಿಯ ಕೆಳಗೆ ನೀರು ಸೋಸಿ ಮೇಲಕ್ಕೆ ಹೋಗುವ ಇನ್ನೊಂದು ಸಣ್ಣ ತೊಟ್ಟಿ ಇರುತ್ತದೆ. ಇದನ್ನೂ ಸಂಪ್ ಎಂದೇ ಕರೆಯುತ್ತಾರೆ, ಬೆಂಗಳೂರಿನ ಮನೆಗಳ ಅಂಗಳದ ಸಂಪಿಗೂ ಇದಕ್ಕೂ ನಂಟು ಹೆಸರಿನಲ್ಲಷ್ಟೇ. ಅಲ್ಲಿ ನೀರಿನ ಸೆಳೆತ ಜೋರಾಗಿರುವ ಕಡೆ ತಿಳಿಯನ್ನು ಹನಿಸಬೇಕು. ಆಸ್ಪತ್ರೆಯಲ್ಲಿ ಗ್ಲುಕೋಸ್ ಏರಿಸಲು ಬಳಸುವ ಕೊಳವೆಯೇ ಇದಕ್ಕೆ ತಕ್ಕ ಸಾಧನ, ಚಕ್ರ ತಿರುಗಿಸಿ ಹನಿಯ ವೇಗ ಹೊಂದಿಸಬಹುದು. ಸಾಮಾನ್ಯ ಕೊಳವೆಯಲ್ಲಿ 20 ಹನಿಗೆ ಒಂದು ಮಿಲಿಲೀಟರ್. ಸೆಕೆಂಡಿಗೆ ಒಂದು ಹನಿಯಂತೆ ಬಿಟ್ಟರೆ ಗಂಟೆಗೆ 180 ಮಿಲಿಲೀಟರ್, ಹನ್ನೆರಡು ಗಂಟೆಗೆ ಎರಡು ಲೀಟರಿಗೆ ತುಸು ಮೇಲಾಯಿತು. ಹತ್ತಿರ ಬಗ್ಗಿ ನೋಡಿದರೆ ಕೊಳವೆಯ ತುದಿಯಲ್ಲಿ ಹನಿ ದಪ್ಪವಾಗುತ್ತದೆ, ಕಳಚುತ್ತದೆ, ನೀರಿಗೆ ಬಿದ್ದ ಕಡೆ ಬೆರಳ ಉಗುರಿನಷ್ಟು ಅಗಲದ ಬಿಳಿ ಮೋಡವೊಂದು ಏಳುತ್ತದೆ, ಮುಂದಿನ ಹನಿ ಬೀಳುವುದರೊಳಗೆ ಅದು ಸೆಳೆತದಲ್ಲಿ ಇಲ್ಲವಾಗುತ್ತದೆ. ಆ ಮೋಡ ಇಲ್ಲವಾಗುತ್ತಿದೆಯೇ ಅಥವಾ ಉಳಿದು ಹರಡುತ್ತಿದೆಯೇ ಎಂಬುದನ್ನು ನೋಡಿದರೆ ಹನಿಯ ವೇಗ ಸರಿಯಿದೆಯೇ ಎಂದು ಯಾವ ಉಪಕರಣವೂ ಇಲ್ಲದೆ ಅಂದಾಜಾಗುತ್ತದೆ. ಆದರೂ ಮೀಟರಿನಲ್ಲಿ ಪಿಎಚ್ 0.2ಕ್ಕಿಂತ ಹೆಚ್ಚು ಏರದಂತೆ ನೋಡಿಕೊಳ್ಳುವುದು ಕ್ಷೇಮ.

ಹನಿಸುವ ಹೊತ್ತು ರಾತ್ರಿ. ಹಗಲು ದೀಪದ ಬೆಳಕಿನಲ್ಲಿ ಪಾಚಿ ಮತ್ತು ಹವಳದೊಳಗಿನ ಸೂಕ್ಷ್ಮ ಪಾಚಿಗಳು ಕಾರ್ಬನ್ ಡೈಆಕ್ಸೈಡನ್ನು ಬಳಸಿಕೊಳ್ಳುತ್ತವೆ, ಪಿಎಚ್ ಏರುತ್ತದೆ. ದೀಪ ಆರಿದ ಮೇಲೆ ಎಲ್ಲವೂ ಉಸಿರಾಡುತ್ತವೆ, ಕಾರ್ಬನ್ ಡೈಆಕ್ಸೈಡ್ ತುಂಬುತ್ತದೆ, ಬೆಳಗಿನ ಜಾವಕ್ಕೆ ಪಿಎಚ್ 8ಕ್ಕಿಂತ ಕೆಳಗೆ ಹೋಗುವುದೂ ಉಂಟು. ಅಂದರೆ ರಾತ್ರಿಯಿಡೀ ತೊಟ್ಟಿಯೇ ತನ್ನ ಕೊಳವೆಯಿಂದ ಊದುತ್ತಿರುತ್ತದೆ. ಸುಣ್ಣ ಬೇಕಾಗುವುದು ಆಗ. ಎರಡೂ ಒಂದನ್ನೊಂದು ತೂಗಿಸಿಕೊಂಡು ಬೆಳಗಾಗುವ ಹೊತ್ತಿಗೆ ಪಿಎಚ್ ಹೆಚ್ಚು ಬೀಳದೆ ನಿಂತಿರುತ್ತದೆ.

ಎಷ್ಟು ಹನಿಸಬೇಕು ಎಂಬ ಪ್ರಶ್ನೆಗೆ ಮಿತಿಯನ್ನು ಹಾಕುವುದು ಆವಿಯಾಗುವ ನೀರು. ತೊಟ್ಟಿಯಿಂದ ಆವಿಯಾಗುವುದು ಬರಿಯ ನೀರು, ಉಪ್ಪಲ್ಲ. ಆದ್ದರಿಂದ ಅಷ್ಟೇ ಸಿಹಿನೀರನ್ನು ದಿನವೂ ತುಂಬಿ ಲವಣಾಂಶವನ್ನು ಸಾವಿರಕ್ಕೆ 35ರಲ್ಲಿ ಕಾಯ್ದುಕೊಳ್ಳಬೇಕು. ಆ ತುಂಬುವ ನೀರಿನ ಜಾಗದಲ್ಲಿ ಸುಣ್ಣದ ತಿಳಿ ಹೋಗುತ್ತದೆ. ನನ್ನ ತೊಟ್ಟಿಯಲ್ಲಿ ಹೀಟರ್ ಹಾಕಿದ ಒಣ ಚಳಿಗಾಲದಲ್ಲಿ ದಿನಕ್ಕೆ ನಾಲ್ಕು ಲೀಟರಿನವರೆಗೂ ಆವಿಯಾಗುತ್ತದೆ. ಅದರಲ್ಲಿ ಎರಡು ಲೀಟರನ್ನು ರಾತ್ರಿ ಸುಣ್ಣದ ತಿಳಿಯಾಗಿಯೂ ಉಳಿದದ್ದನ್ನು ಹಗಲು ಬರಿಯ ನೀರಾಗಿಯೂ ಕೊಡುತ್ತೇನೆ. ಎರಡು ಲೀಟರ್ ಗಟ್ಟಿ ತಿಳಿ 300 ಲೀಟರಿನಲ್ಲಿ ಕ್ಷಾರೀಯತೆಯನ್ನು ಮುಕ್ಕಾಲು ಡಿಗ್ರಿಯಷ್ಟು, ಕ್ಯಾಲ್ಸಿಯಮ್ಮನ್ನು ಲೀಟರಿಗೆ 5 ಮಿಲಿಗ್ರಾಮಿಗಿಂತ ತುಸು ಹೆಚ್ಚು ಏರಿಸುತ್ತದೆ. ನನ್ನ ಹವಳಗಳು ದಿನಕ್ಕೆ ಹೆಚ್ಚು ಕಡಿಮೆ ಅಷ್ಟನ್ನೇ ತೆಗೆದುಕೊಳ್ಳುತ್ತವೆ ಎಂಬುದನ್ನು ಮೂರು ದಿನ ಏನೂ ಕೊಡದೆ ಅಳೆದು ಕಂಡುಕೊಂಡಿದ್ದೆ. ಪ್ರತಿಯೊಬ್ಬರೂ ತಮ್ಮ ತೊಟ್ಟಿಯನ್ನು ಹಾಗೆ ಅಳೆದ ಮೇಲೆಯೇ ಆರಂಭಿಸಬೇಕು. ನನ್ನ ಅಂಕಿಗಳನ್ನು ಎತ್ತಿಕೊಂಡರೆ ಉಪಯೋಗವಿಲ್ಲ.

ಇದೆಲ್ಲವನ್ನು ಬಲ್ಲ ನಾನೂ ಒಮ್ಮೆ ಮೋಸಹೋದೆ. ಮೊದಲ ವರ್ಷಗಳಲ್ಲಿ, ನೀರು ಇಳಿದಾಗ ತಾನಾಗಿ ತುಂಬುವ ಪಂಪಿಗೆ ಹತ್ತು ಲೀಟರಿನ ತಿಳಿಯ ಕ್ಯಾನನ್ನೇ ಜೋಡಿಸಿದ್ದೆ. ಒಂದು ರಾತ್ರಿ ಪಾಚಿ ತಿನ್ನುವ ಬಸವನಹುಳುವೊಂದು ಸಂಪಿನೊಳಗೆ ಹತ್ತಿ ಹೋಗಿ ನೀರಿನ ಮಟ್ಟ ನೋಡುವ ಫ್ಲೋಟಿನ ಮೇಲೆ ಕುಳಿತುಬಿಟ್ಟಿದೆ. ಅದರ ಭಾರಕ್ಕೆ ಫ್ಲೋಟು ತಗ್ಗಿ, ನೀರು ಕಡಿಮೆಯಾಯಿತೆಂದು ತಿಳಿದ ಪಂಪು ಬೆಳಗಿನವರೆಗೆ ಓಡಿ, ಆರು ಲೀಟರ್ ತಿಳಿಯನ್ನು ಒಳಗೆ ತಳ್ಳಿದೆ. ಬೆಳಿಗ್ಗೆ ಎದ್ದು ನೋಡಿದರೆ ತೊಟ್ಟಿಯ ಹಿಂದಿನ ಗೋಡೆ ಕಾಣುವುದಿಲ್ಲ, ಅಷ್ಟು ಮಬ್ಬು. ಪಿಎಚ್ 8.9. ಪಂಪಿನ ತಂತಿ ಕಿತ್ತು, ಸ್ಕಿಮ್ಮರನ್ನು ಓಡಲು ಬಿಟ್ಟು, ಸಕ್ಕರೆ, ರುಚಿ ಏನೂ ಇಲ್ಲದ ಸೋಡಾ ನೀರು ಅರ್ಧ ಲೀಟರಿನಷ್ಟನ್ನು ಸ್ವಲ್ಪ ಸ್ವಲ್ಪವಾಗಿ ಸಂಪಿಗೆ ಹಾಕಿದೆ. ಸೋಡಾದಲ್ಲಿರುವುದು ಕಾರ್ಬನ್ ಡೈಆಕ್ಸೈಡೇ, ಕೊರತೆಯಿದ್ದದ್ದೂ ಅದೇ. ಸಂಜೆಗೆ ಪಿಎಚ್ 8.4ಕ್ಕೆ ಬಂತು. ಮೀನುಗಳು ಉಳಿದವು, ಎರಡು ಕವಲು ಹವಳಗಳ ತುದಿಗಳು ಬಿಳಿಚಿ ಸತ್ತವು. ಮರುದಿನ ಅಳೆದಾಗ ಕ್ಷಾರೀಯತೆ 8ರಿಂದ ಆರೂವರೆಗೆ ಇಳಿದಿತ್ತು. ಅಷ್ಟೊಂದು ಸುಣ್ಣ ಒಳಗೆ ಹೋಗಿಯೂ ಕ್ಷಾರೀಯತೆ ಇಳಿದಿದೆ ಎಂದರೆ, ಹೋದದ್ದೂ ಇದ್ದದ್ದೂ ಸೇರಿ ಸೀಮೆಸುಣ್ಣವಾಗಿ ಹೀಟರಿನ ಮೇಲೆ, ಪಂಪಿನ ಚಕ್ರದ ಸುತ್ತ ಗಟ್ಟಿ ಪದರ ಕಟ್ಟಿತ್ತು. ಅವುಗಳನ್ನು ಒಂದು ರಾತ್ರಿ ವಿನೆಗರಿನಲ್ಲಿ ನೆನೆಹಾಕಿ ಬಿಡಿಸಬೇಕಾಯಿತು. ಅಂದಿನಿಂದ ಕ್ಯಾನಿನಲ್ಲಿ ಒಂದು ರಾತ್ರಿಗೆ ಬೇಕಾದ ಎರಡು ಲೀಟರಿಗಿಂತ ಹೆಚ್ಚು ತಿಳಿ ಇಡುವುದಿಲ್ಲ. ಏನೇ ಕೆಟ್ಟರೂ ಒಳಗೆ ಹೋಗಬಹುದಾದದ್ದು ಅಷ್ಟೇ.

ಈ ಪದ್ಧತಿಗೆ ಇರುವ ಮಿತಿಗಳನ್ನೂ ಹೇಳಬೇಕು. ಕ್ಯಾಲ್ಸಿಯಮ್ಮೂ ಕ್ಷಾರೀಯತೆಯೂ ಜೊತೆಯಾಗಿ ಇಳಿಯುತ್ತಿದ್ದರೆ ಮಾತ್ರ ಸುಣ್ಣದ ತಿಳಿ ಸರಿ. ಕ್ಯಾಲ್ಸಿಯಂ 350ಕ್ಕೆ ಬಿದ್ದು ಕ್ಷಾರೀಯತೆ 9ರಲ್ಲಿದ್ದರೆ ಸುಣ್ಣ ಎಷ್ಟು ಹನಿಸಿದರೂ ಆ ಅಂತರ ಮುಚ್ಚದು. ಮೊದಲು ಕ್ಯಾಲ್ಸಿಯಂ ಕ್ಲೋರೈಡ್ ಕೊಟ್ಟು ಸಮ ಮಾಡಿಕೊಳ್ಳಬೇಕು. ಮೆಗ್ನೀಸಿಯಂ ಕೂಡ ಸುಣ್ಣದಿಂದ ಬರುವುದಿಲ್ಲ. ಕಡಲ ನೀರಿನಲ್ಲಿ ಕ್ಯಾಲ್ಸಿಯಂ ಕಾರ್ಬನೇಟ್ ತಾನಾಗಿ ಪುಡಿಯಾಗಿ ಬೀಳಲು ಯಾವಾಗಲೂ ಸಿದ್ಧವಾಗಿರುತ್ತದೆ, ಹರಳು ಬೆಳೆಯುವ ಮೈಯನ್ನು ಮೆಗ್ನೀಸಿಯಂ ಆಕ್ರಮಿಸಿ ಅದನ್ನು ತಡೆಯುತ್ತಿರುತ್ತದೆ. ಮೆಗ್ನೀಸಿಯಂ ಕಡಿಮೆಯಾದ ತೊಟ್ಟಿಯಲ್ಲಿ ಸುಣ್ಣದ ತಿಳಿ ಬಹಳ ಬೇಗ ಹಾಲಾಗುತ್ತದೆ. ನಮ್ಮ ಕರಾವಳಿಯವರಿಗೆ ಇನ್ನೊಂದು ತೊಡಕಿದೆ: ಆಷಾಢದ ಮಳೆಯಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ಮಂಗಳೂರು, ಕಾರವಾರಗಳಲ್ಲಿ ತೊಟ್ಟಿಯ ನೀರು ಆವಿಯಾಗುವುದಾದರೂ ಎಷ್ಟು? ಆವಿಯಾದಷ್ಟೇ ತುಂಬಬೇಕೆಂಬ ನಿಯಮದಲ್ಲಿ, ಹವಳ ದಟ್ಟವಾಗಿರುವ ತೊಟ್ಟಿಗೆ ಮಳೆಗಾಲದಲ್ಲಿ ಸುಣ್ಣದ ತಿಳಿಯೊಂದೇ ಸಾಲದೆ ಹೋಗಬಹುದು. ಆಗ ಎರಡು ಬಾಟಲಿಗಳ ದ್ರಾವಣವನ್ನೂ ಜೊತೆಗೆ ಸೇರಿಸಿಕೊಳ್ಳಬೇಕು.

ಯಾವ ಸುಣ್ಣ ಎಂಬುದನ್ನು ಲೇಖನ ಹೇಳಿಲ್ಲ, ಓದುಗರು ಎಲೆಯಡಿಕೆಯ ಸುಣ್ಣವೆಂದೇ ತಿಳಿಯುತ್ತಾರೆ. ನನ್ನ ಅಜ್ಜನ ಕಾಲದಲ್ಲಿ ಅಘನಾಶಿನಿಯ ಅಳಿವೆಯ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣ ಮನೆಗೆ ಬರುತ್ತಿತ್ತು. ಮಡಕೆಯಲ್ಲಿ ಅದರ ಮೇಲೆ ನೀರು ಹೊಯ್ದಾಗ ಕೊತಕೊತ ಕುದಿದು ಅರಳುತ್ತಿದ್ದುದನ್ನು ದೂರ ನಿಂತು ನೋಡಿದ್ದೇನೆ. ಚಿಪ್ಪೂ ಹವಳವೂ ಒಂದೇ ಪದಾರ್ಥ, ಹಾಗಾಗಿ ಆ ಸುಣ್ಣವೇ ತೊಟ್ಟಿಗೆ ಶ್ರೇಷ್ಠ ಎಂದು ನನಗೂ ಒಮ್ಮೆ ಅನ್ನಿಸಿತ್ತು. ಆದರೆ ಭಟ್ಟಿಯ ಬೂದಿ, ಮಣ್ಣು ಅದರಲ್ಲಿ ಎಷ್ಟಿದೆ ಎಂದು ತಿಳಿಯುವ ಉಪಾಯವಿಲ್ಲ. ಇಂದಿನ ಅಂಗಡಿಯ ಎಲೆಸುಣ್ಣಕ್ಕೆ ಬಣ್ಣ, ಸುವಾಸನೆ ಬೆರೆಸಿರುವುದುಂಟು. ಗೋಡೆಗೆ ಬಳಿಯುವ ಸುಣ್ಣಕ್ಕೆ ನೀಲಿ, ಉಪ್ಪು, ಅಂಟು ಸೇರಿರಬಹುದು. ಆಹಾರ ಅಥವಾ ಔಷಧ ದರ್ಜೆಯ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂದು ನಮೂದಿಸಿದ ಪುಡಿಯನ್ನೇ ಕೊಳ್ಳಬೇಕು. ಡಬ್ಬದ ಬಾಯಿ ಸಡಿಲವಿದ್ದರೆ ಗಾಳಿಗೆ ಅದೂ ಸೀಮೆಸುಣ್ಣವಾಗುತ್ತದೆ. ಬಳಿದ ಗೋಡೆಯ ಸುಣ್ಣ ದಿನ ಕಳೆದಂತೆ ಗಟ್ಟಿಯಾಗುವುದೂ ಇದರಿಂದಲೇ. ಸಂಶಯವಿದ್ದರೆ ಚಿಟಿಕೆ ಪುಡಿಯನ್ನು ವಿನೆಗರಿಗೆ ಹಾಕಿ ನೋಡಬೇಕು. ಬುರುಬುರು ನೊರೆ ಎದ್ದರೆ ಆ ಸುಣ್ಣ ಸತ್ತಿದೆ.

ಮಕ್ಕಳಿರುವ ಮನೆಯವರು ಇನ್ನೊಂದು ಮಾತನ್ನು ಗಮನಿಸಬೇಕು. ಎಲೆಯಡಿಕೆ, ತಂಬಾಕಿನ ಜೊತೆ ಮಾರುವ ಸುಣ್ಣದ ಪೊಟ್ಟಣವನ್ನು ಹಿಂಡಿ ಆಡುವಾಗ ಕಣ್ಣಿಗೆ ಸುಣ್ಣ ಹಾರಿ ಮಕ್ಕಳು ದೃಷ್ಟಿ ಕಳೆದುಕೊಂಡ ಪ್ರಕರಣಗಳನ್ನು ನಮ್ಮ ದೇಶದ ಕಣ್ಣಿನ ವೈದ್ಯರು ಕಂಡಿದ್ದಾರೆ. ಇಲ್ಲಿ ಹೇಳುತ್ತಿರುವುದು ಅದೇ ಪದಾರ್ಥ. ಪುಡಿ ತೂಗುವಾಗ ಕನ್ನಡಕ, ಕೈಗವಸು ಇರಲಿ. ಕಣ್ಣಿಗೆ ಬಿದ್ದರೆ ಬೇರೇನೂ ಹಾಕದೆ ಬರಿಯ ನೀರಿನಿಂದ ಬಹಳ ಹೊತ್ತು ತೊಳೆಯುತ್ತ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಸುಣ್ಣದ ನೀರು ಇಡಬಾರದು, ಅದು ಪಾತ್ರೆಯನ್ನೇ ತಿನ್ನುತ್ತದೆ.

ಕೊನೆಯದಾಗಿ, ತಮ್ಮ ಓದುಗರಲ್ಲಿ ಬಹುತೇಕರಿಗೆ ಈ ಯಾವುದರ ಅಗತ್ಯವೂ ಇಲ್ಲ ಎಂಬುದನ್ನು ಲೇಖನ ಹೇಳಬೇಕಿತ್ತು. ಕಡಲ ಮೀನುಗಳು ಮಾತ್ರ ಇರುವ ತೊಟ್ಟಿಯಲ್ಲಿ ಕ್ಯಾಲ್ಸಿಯಂ ತೆಗೆದುಕೊಳ್ಳುವವರಾರೂ ಇಲ್ಲ, ಆಗಾಗ ಒಂದಷ್ಟು ನೀರು ಬದಲಿಸಿದರೆ ಸಾಕಾಗುತ್ತದೆ. ಗೋಲ್ಡ್‌ಫಿಶ್ ಇರುವ ಸಿಹಿನೀರಿನ ತೊಟ್ಟಿಗಂತೂ ಒಂದು ಚಮಚ ಸುಣ್ಣ ವಿಷವೇ ಸರಿ. ಸುಣ್ಣದ ತಿಳಿ ಬೇಕಾಗುವುದು ಗಟ್ಟಿ ಹವಳ ಬೆಳೆಸುವವರಿಗೆ. ಭಾರತದಲ್ಲಿಯಾದರೋ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿ, ಆನೆಗಳ ಸಾಲಿನಲ್ಲಿ ಸೇರಿವೆ. ಮುರ್ಡೇಶ್ವರದ ಎದುರಿನ ನೇತ್ರಾಣಿಯ ಬಂಡೆಯಿಂದ ಒಂದು ತುಣುಕು ಮುರಿದು ತರುವುದೂ ಅಪರಾಧ. ಜರ್ಮನಿಯಲ್ಲಿ ನಾವು ಇಟ್ಟುಕೊಂಡಿರುವ ಹವಳಗಳಲ್ಲಿ ಹೆಚ್ಚಿನವು ಒಬ್ಬರ ತೊಟ್ಟಿಯಲ್ಲಿ ಬೆಳೆದು ಇನ್ನೊಬ್ಬರಿಗೆ ಹಂಚಿದ ತುಂಡುಗಳು, ಹೊರಗಿನಿಂದ ಬಂದವಕ್ಕೆ ಅಂತರರಾಷ್ಟ್ರೀಯ ಪರವಾನಗಿಯ ಕಾಗದಗಳಿರಬೇಕು. ಊರಿನಲ್ಲಿ ಹವಳ ಕೊಳ್ಳಲು ಹೊರಟವರು ಅಂಗಡಿಯವರ ಮಾತನ್ನು ನೆಚ್ಚದೆ ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು ಒಳ್ಳೆಯದು.

ಆದ್ದರಿಂದ ಮುಂದಿನ ಭಾನುವಾರದ ಪುರವಣಿಯಲ್ಲಿ ಒಂದು ಸಣ್ಣ ತಿದ್ದುಪಡಿಯನ್ನು ದಯವಿಟ್ಟು ಪ್ರಕಟಿಸಬೇಕಾಗಿ ಕೋರುತ್ತೇನೆ. ಮೂಲ ಲೇಖನದಲ್ಲಿ ವಾರಕ್ಕೊಂದು ಚಮಚ ಸುಣ್ಣವನ್ನು ಕದಡಿ ಸುರಿಯಬೇಕು ಎಂಬರ್ಥದ ಸಾಲು ಇರುವಲ್ಲಿ, ಗಟ್ಟಿ ಹವಳ ಇರುವ ತೊಟ್ಟಿಗೆ ಮಾತ್ರ, ಅಳೆದು ನೋಡಿದ ಮೇಲೆ, ಗಸಿ ಬಿಟ್ಟ ಸುಣ್ಣದ ತಿಳಿಯನ್ನು ಆವಿಯಾದ ನೀರಿಗಿಂತ ಹೆಚ್ಚಾಗದಂತೆ ಪ್ರತಿ ರಾತ್ರಿ ಹನಿಹನಿಯಾಗಿ ಸೇರಿಸಬೇಕು ಎಂದು ಓದಿಕೊಳ್ಳಲು ತಿಳಿಸಿದರೆ ಸಾಕು. ಈ ಪತ್ರ ಬರೆಯುತ್ತಿರುವಾಗ ದೀಪ ಆರಿಸಿ ಒಂದು ಗಂಟೆಯಾಗಿದೆ. ಪಿಎಚ್ 8.1 ತೋರಿಸುತ್ತಿದೆ, ಕೊಳವೆಯನ್ನು ಈಗಷ್ಟೇ ತೆರೆದು ಬಂದೆ.

ಇಂತಿ ತಮ್ಮ ವಿಶ್ವಾಸಿ,
ಕುಮಟಾ ಮೂಲದ ಒಬ್ಬ ಓದುಗ
ಸ್ಟುಟ್‌ಗಾರ್ಟ್, ಜರ್ಮನಿ